ಉಲ್ಟಾ ಹೋದ ಗೆರೆ

ಸಭಾಂಗಣದ ಬಾಗಿಲಲ್ಲಿ ಉದ್ದನೆಯ ಮುದುಕರೊಬ್ಬರನ್ನು ಕಂಡು ನಾನು ನಕ್ಕುಬಿಟ್ಟೆ. ಸುಮ್ಮನೆ ನಕ್ಕಿದ್ದಲ್ಲ, ಬಹಳ ದಿನದ ಪರಿಚಯದವರ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ನಕ್ಕೆ. ಅವರು ಹಿಂದೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಕೊರಳಿನ ಕಾರ್ಡು ಸರಿಮಾಡಿಕೊಂಡು, ನಾನು ಯಾರೋ ಹಳೇ ವಿದ್ಯಾರ್ಥಿನಿ ಇರಬೇಕೆನ್ನುವಂತೆ ತಲೆಯಾಡಿಸಿ ಒಳಗೆ ಹೋದರು. ಆಮೇಲೆ ಗೊತ್ತಾಯಿತು, ಅವರು ಪ್ರೊಫೆಸರಂತೆ. ನಾನು ಮೂರನೇ ಕ್ಲಾಸು ದಾಟಿದವಳಲ್ಲ.

"ಅಕ್ಕಾ, ಅವರಲ್ಲ ಅನ್ಸುತ್ತೆ," ಎಂದು ಜೊತೆಗೆ ಬಂದಿದ್ದ ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ನಾನೇನು ಮಾಡಲಿ? ನನಗೆ ಗೊತ್ತಿದ್ದದ್ದು ಒಂದು ದನಿ. ಮುಖ ಗೊತ್ತಿರಲಿಲ್ಲ.

ಮನಃಶಾಸ್ತ್ರ ಓದುವ ಇಬ್ಬರು ಮಕ್ಕಳು, ಒಬ್ಬ ಹುಡುಗಿ, ಒಬ್ಬ ಹುಡುಗ, ಒಂಟಿಯಾಗಿರುವ ವಯಸ್ಸಾದವರ ಮೇಲೆ ಸಂಶೋಧನೆ ಮಾಡುತ್ತಿದ್ದರು. ನಾನು ಸ್ಕೂಲ್ ಯೂನಿಫಾರ್ಮ್ ಹೊಲಿಯುವವಳು. ಕೋಟಿನ ತೋಳು ಚಿಕ್ಕದು ಮಾಡಿಸಲು ಬಂದ ಹುಡುಗಿ ನನ್ನನ್ನೂ ಅದಕ್ಕೆ ಸೇರಿಸಿಕೊಂಡಳು. ಗುರುತಿಲ್ಲದ ಇಬ್ಬರನ್ನು ಜೋಡಿ ಮಾಡಿ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಿಸುತ್ತಿದ್ದರು. ಲೈನು ಕೂಡಿಸುವುದು ಕಾಲೇಜಿನಿಂದ. ನಿಜವಾದ ಹೆಸರು, ನಂಬರು, ಮನೆ ಎಲ್ಲಿ, ಇವನ್ನೆಲ್ಲ ಹೇಳುವಂತಿಲ್ಲ. ಹೆಸರಿನ ಜಾಗದಲ್ಲಿ ಹಕ್ಕಿಯ ಹೆಸರು ಕೊಟ್ಟಿದ್ದರು. ನಾನು ಮೈನಾ, ಅವರು ಕೊಕ್ಕರೆ. ಕೊಕ್ಕರೆ ಎಂದ ಮೇಲೆ ಆಳು ಉದ್ದವೇ ಇರಬೇಕೆಂದು ನಾನೇ ಅಂದುಕೊಂಡಿದ್ದೆ.

ಅವರು ಲಾರಿ ಓಡಿಸಿ ನಿವೃತ್ತಿಯಾದವರು. ಬೆಳಗಿನ ಮಂಜಿನಲ್ಲಿ ರಸ್ತೆ ಹೇಗೆ ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಳ್ಳುತ್ತದೆ ಎಂದು ಹೇಳುವರು. ನಾನು ಹೊಲಿಯುತ್ತಲೇ ಕೇಳುವೆ. ಮಿಷನ್ನಿನ ಸದ್ದು ನಿಂತರೆ, "ದಾರ ತುಂಡಾಯ್ತಾ? ಪೋಣಿಸ್ಕೊಳ್ಳಿ, ಕಾಯ್ತೀನಿ," ಎನ್ನುವರು. ಕಾಯುವರು ಕೂಡ. ನನ್ನ ಯಜಮಾನರು ಹೋದ ಮೇಲೆ ನನ್ನ ಮನೆಯ ಸದ್ದಿಗೆ ಹಾಗೆ ಕಿವಿ ಕೊಟ್ಟವರು ಇರಲಿಲ್ಲ.

ಮಾತಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹುಡುಗಿ ಫೋನ್ ಮಾಡಿ, ಒಂಟಿತನ ಹತ್ತಕ್ಕೆ ಎಷ್ಟು ಅಜ್ಜಿ ಎಂದು ಕೇಳುತ್ತಿದ್ದಳು. ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ.

ಒಂದು ದಿನ ಸಂಶೋಧನೆ ಮುಗಿಯಿತು, ಲೈನೂ ನಿಂತಿತು. ನಾಚಿಕೆ ಬಿಟ್ಟು ನಾನು ಅವರ ನಂಬರು ಕೇಳಿದೆ. ಹುಡುಗಿ ನನ್ನ ಕೈ ಹಿಡಿದುಕೊಂಡು, ಕೊಟ್ಟರೆ ಮಾತಿಗೆ ತಪ್ಪಿದ ಹಾಗಾಗುತ್ತದೆ ಎಂದಳು. ಸಮ್ಮೇಳನದಲ್ಲಿ ಇದನ್ನೆಲ್ಲ ಓದುತ್ತೇವೆ, ಎಲ್ಲರನ್ನೂ ಕರೆದಿದ್ದೇವೆ, ಯಾರು ಬರುತ್ತಾರೋ ಹೇಳುವಂತಿಲ್ಲ ಎಂದಷ್ಟೇ ಸೇರಿಸಿದಳು. ಅವತ್ತು ಅವರು ಬರದೇ ಹೋದರೆ ಆ ದನಿ ಮತ್ತೆ ಸಿಗುವುದಿಲ್ಲ. ಅದಕ್ಕೇ ತಂಗಿಯನ್ನು ಎಳೆದುಕೊಂಡು ಬಂದಿದ್ದೆ.

ಮಕ್ಕಳ ಸರದಿ ಬಂತು. ಹುಡುಗ ಪರದೆಯ ಮೇಲೆ ಗೆರೆಗಳನ್ನು ಹಾಕಿದ, ಹುಡುಗಿ ಮೈಕ್ ಹಿಡಿದಳು. ನಾನು ತೋಳು ಚಿಕ್ಕದು ಮಾಡಿಕೊಟ್ಟ ಕೋಟನ್ನೇ ಹಾಕಿಕೊಂಡಿದ್ದಳು. ಮಾತಾಡಿದ ಮೇಲೆ ಒಂಟಿತನ ಕಡಿಮೆಯಾಗಿದೆ, ಹೆಚ್ಚುಕಡಿಮೆ ಎಲ್ಲ ಜೋಡಿಗಳಲ್ಲೂ ಗೆರೆ ಕೆಳಗಿಳಿದಿದೆ ಎಂದು ವಿವರಿಸಿದಳು. ಒಂದೇ ಒಂದು ಗೆರೆ ಉಲ್ಟಾ ಮೇಲಕ್ಕೇರಿತ್ತು. ಅದು ಮೈನಾ-ಕೊಕ್ಕರೆ ಜೋಡಿ.

ನನ್ನದು ಏರಿದ್ದು ನನಗೆ ಗೊತ್ತಿತ್ತು. ಅವರದ್ದೂ ಏರಿತ್ತಾ?

ಬಾಗಿಲಲ್ಲಿ ಕಂಡ ಉದ್ದನೆಯ ಪ್ರೊಫೆಸರ್ ಎದ್ದು ನಿಂತರು. ನಿಮ್ಮ ಪ್ರಯೋಗದಿಂದ ಈ ಇಬ್ಬರಿಗೆ ನೋವಾಗಿದೆ ಎಂದೇ ಅರ್ಥವಲ್ಲವೇ, ಮಧ್ಯದಲ್ಲೇ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದರು. ಗದರಿದ್ದಲ್ಲ, ಕೇಳಬೇಕಾದ ಮಾತೇ. ಆದರೆ ಹುಡುಗಿಯ ಮುಖ ಸಣ್ಣದಾಯಿತು. ಕಾರಣ ಗೊತ್ತಾಗಲಿಲ್ಲ ಸರ್ ಎಂದಳು.

ಕಾರಣ ನನಗೆ ಗೊತ್ತಿತ್ತು. ಏಳಬೇಕೆಂದು ಕುರ್ಚಿಯ ಕೈ ಹಿಡಿದೆ, ಮಂಡಿ ಏಳಲಿಲ್ಲ. ಅಷ್ಟರಲ್ಲಿ ಸರಿಯಾಗಿ ನನ್ನ ಬೆನ್ನ ಹಿಂದೆಯೇ ಆ ದನಿ ಬಂತು.

"ಮಕ್ಕಳದ್ದೇನೂ ತಪ್ಪಿಲ್ಲ ಸಾರ್. ಫೋನ್ ಇಟ್ಟ ಮೇಲೆ ಕೇಳ್ತಿದ್ರು. ಮಾತಾಡ್ತಾ ಇರುವಾಗ ಕೇಳಿದ್ರೆ ಸೊನ್ನೆ ಅಂತಿದ್ದೆ."

ಸಭೆಯಲ್ಲಿ ಸಣ್ಣಗೆ ನಗು ಹರಡಿತು. ಅವರು ನಗಲಿಲ್ಲ.

"ಮೊದಲು ನಮ್ಮನೇಲಿ ಯಾರೂ ಇರ್ತಿರಲಿಲ್ಲ. ಅದು ಅಭ್ಯಾಸ ಆಗಿತ್ತು. ಈಗ ಒಬ್ರು ಇರಲ್ಲ ಸಾರ್. ಅದಕ್ಕೆ ಹತ್ತು ಅಂದೆ."

ಪ್ರೊಫೆಸರ್ ಬಹಳ ಮೆತ್ತಗೆ, ಇನ್ನೊಬ್ಬರಿಗೂ ಹಾಗೇ ಅನ್ನಿಸಿತ್ತೋ ಏನೋ, ತಿಳಿದಿದ್ದರೆ ಚೆನ್ನಾಗಿತ್ತು ಎಂದರು. ತಂಗಿ ನನ್ನ ರಟ್ಟೆ ಚಿವುಟಿದಳು. ಈ ಸಲ ಮಂಡಿ ನನ್ನ ಮಾತು ಕೇಳಿತು.

"ನನಗೂ ಅಷ್ಟೇ," ಎಂದೆ.

ಹಿಂದೆ ತಿರುಗುವ ಧೈರ್ಯ ಬರಲಿಲ್ಲ. ವೇದಿಕೆಯ ಕಡೆಯೇ ನೋಡುತ್ತ ನಿಂತೆ. ಹುಡುಗಿ ಅಳುತ್ತಿದ್ದಳು, ಹುಡುಗ ಅವಳಿಗೆ ಕರವಸ್ತ್ರ ಹುಡುಕುತ್ತಿದ್ದ. ಆಮೇಲೆ ಚಪ್ಪಾಳೆ ಬಿತ್ತು. ಅದು ಮಕ್ಕಳಿಗೋ ನಮಗೋ ತಿಳಿಯಲಿಲ್ಲ.

ತಂಗಿ ಎದ್ದು ಜಾಗ ಬಿಟ್ಟು, ಟೀ ಕುಡಿದು ಬರುತ್ತೇನೆ ಎಂದು ಹೋದಳು. ಅವಳ ಕುರ್ಚಿಯಲ್ಲಿ ಬಂದು ಕೂತವರು ನನ್ನ ಭುಜಕ್ಕೆ ಬರುವಷ್ಟು ಗಿಡ್ಡ. ತಲೆ ನುಣ್ಣಗೆ, ಹುಬ್ಬು ಮಾತ್ರ ಪೊದೆಯಂತೆ. ಆ ಪೊದೆಯ ಕೆಳಗಿನಿಂದ ಓರೆಗಣ್ಣಲ್ಲಿ ಒಮ್ಮೆ ನೋಡಿ, ತಟ್ಟನೆ ಪರದೆಯ ಕಡೆ ತಿರುಗಿಕೊಂಡರು. ಕಿವಿ ಕೆಂಪಾಗಿತ್ತು.

"ಉದ್ದ ಇರ್ತೀರಿ ಅಂದ್ಕೊಂಡಿದ್ದೆ," ಎಂದೆ.

"ಲಾರಿ ಮೇಲೆ ಕೂತಾಗ ಇದ್ದೆ."

ನಗು ತಡೆಯಲು ನಾನು ಸೆರಗೇ ಕಚ್ಚಿಕೊಳ್ಳಬೇಕಾಯಿತು.

ಅಷ್ಟರಲ್ಲಿ ಇನ್ಯಾರೋ ವಿದ್ಯಾರ್ಥಿ ವೇದಿಕೆಗೆ ಬಂದು ಇಲಿಗಳ ನಿದ್ದೆಯ ಬಗ್ಗೆ ಓದತೊಡಗಿದ. ಹೊರಗೆ ಹೋಗಿ ಮಾತಾಡಬಹುದಿತ್ತು. ಇಬ್ಬರೂ ಏಳಲಿಲ್ಲ. ನಮ್ಮ ನಡುವೆ ಕುರ್ಚಿಯ ಕೈ ಒಂದೇ ಇತ್ತು. ಅವರು ಮೊಣಕೈ ಹಿಂದಕ್ಕೆಳೆದು ನನಗೆ ಬಿಟ್ಟುಕೊಟ್ಟರು. ನಾನು ಅರ್ಧ ಇಟ್ಟುಕೊಂಡು ಅರ್ಧ ಅವರಿಗೆ ಬಿಟ್ಟೆ. ಬಹಳ ಹೊತ್ತು ಯೋಚಿಸಿ ಅವರು ಕೈಯಿಟ್ಟರು.

"ಅರ್ಥ ಆಗ್ತಿದೆಯಾ?" ಪಿಸುಗುಟ್ಟಿದರು.

"ಇಲಿ ಮಲಗಿತು ಅನ್ನೋವರೆಗೆ ಆಯ್ತು."

"ಹಾಗಾದ್ರೆ ಅದು ಏಳೋವರೆಗೂ ಕೂರೋಣ."

ಕೂತೆವು. ಆ ವಿದ್ಯಾರ್ಥಿಗೆ ಅಷ್ಟು ಶ್ರದ್ಧೆಯಿಂದ ಕೇಳಿದವರು ಬೇರೆ ಸಿಕ್ಕಿರಲಾರರು. ವಾರವಾರವೂ ನಮ್ಮ ಲೈನು ಕೂಡಿಸಿದ ಆ ಇಬ್ಬರು ಮಕ್ಕಳಿಗೆ, ಕೇಳಬೇಕಾದ್ದನ್ನು ಕೇಳಿದ ಪ್ರೊಫೆಸರಿಗೆ ನಾನು ಋಣಿ. ಆತುರಪಡದೆ ಹಾಯಾಗಿ ನಿದ್ದೆ ಮಾಡಿದ ಆ ಇಲಿಗಳಿಗೂ.