ಗಾಜು ಇಳಿಸದ ಧಣಿ

ಗಾಜು ಒಡೆದವಳು ನಾರ್ಕಿ. ಟೆಮಾ ಮೀನು ಬಂದರಿನ ಗೇಟಿನಲ್ಲಿ ಮೆಕ್ಕೆಜೋಳದ ಮುದ್ದೆ ಕೆಂಕಿ ಬೇಯಿಸಿ ಮಾರುವವಳು. ಮೀನು ವ್ಯಾಪಾರಿ ಅಷೋಂಗ್ ಅವರ ಕಪ್ಪು ಕಾರು ಯಾವತ್ತಿನಂತೆ ಗಾಜು ಏರಿಸಿಕೊಂಡು ಬೆಳಗಿನಿಂದ ಕೋಲ್ಡ್ ಸ್ಟೋರಿನ ಗೋಡೆ ಪಕ್ಕ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅವರು ತಲೆ ವಾಲಿಸಿ ಕೂತಿದ್ದರು. ತಟ್ಟಿದರೂ ಅಲುಗಲಿಲ್ಲ, ಬಾಗಿಲು ಲಾಕ್ ಆಗಿತ್ತು. ಅವಳು ಒಲೆಯ ಕಲ್ಲು ಎತ್ತಿ ಬೀಸಿದಳು.

"ಕೈ ಮುಟ್ಟಿದೆ ಸಾರ್. ಐಸ್ ಮುಟ್ಟಿದಂಗಾಯ್ತು. ಒಂದೇ ಸಮ ಕಿರುಚ್ದೆ."

ನಾವು ಪೊಲೀಸರು ಹೋದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಹೆಣ ಮಾತ್ರ ಇನ್ನೂ ತಣ್ಣಗಿತ್ತು. ಅಂಗಿ ಒದ್ದೆ. ಎರಡೂ ಕೈಗಳ ಗೆಣ್ಣು ಸುಲಿದುಹೋಗಿತ್ತು. ಕೀ ಕಾರಿನಲ್ಲೇ ಇತ್ತು, ಎಸಿ ಗುಂಡಿ ಪೂರ್ತಿ ತಿರುಗಿತ್ತು, ಪೆಟ್ರೋಲ್ ಮುಗಿದು ಎಂಜಿನ್ ನಿಂತಿತ್ತು.

"ಗಂಟೆಗಟ್ಟಲೆ ಎಸಿ ಓಡಿದೆ, ಅದಕ್ಕೇ ಮೈ ತಣ್ಣಗಿದೆ," ಎಂದರು ಡಾಕ್ಟರು. "ಯಾವಾಗ ಸತ್ತ ಅಂತ ಈಗಲೇ ಹೇಳೋಕಾಗಲ್ಲ."

ಅಷ್ಟರಲ್ಲಿ ಕೊಂದವನು ಇವನೇ ಎಂದು ಜನರು ಅಷೋಂಗ್ ಅವರ ಡ್ರೈವರ್ ಅಯಾಮ್ಗಾನನ್ನು ಹಿಡಿದು ತಂದಿದ್ದರು. ಉತ್ತರದ ಕಡೆಯವನು, ಊರಲ್ಲಿ ಅವನಿಗೆ ಯಾರೂ ಇಲ್ಲ. ಹಾಗಾಗಿ ಹೊಡೆಯುವವರಿಗೆ ಹೆದರಿಕೆಯೂ ಇರಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು, ಬಾಯಿಂದ ರಕ್ತ ಸುರಿಯುತ್ತಿತ್ತು. ನಾವು ಬಿಡಿಸದಿದ್ದರೆ ಅಲ್ಲೇ ಮುಗಿಸುತ್ತಿದ್ದರು.

ಸತ್ತವರ ಪಾಲುದಾರ ಓಡೊಯ್ ಮುಂದೆ ಬಂದ. ಕೋಲ್ಡ್ ಸ್ಟೋರ್ ನೋಡಿಕೊಳ್ಳುವವನು ಅವನೇ.

"ಬೆಳಿಗ್ಗೆ ನಾನೇ ಕಣ್ಣಾರೆ ನೋಡ್ದೆ ಮೇಡಂ. ಕಾರಲ್ಲಿ ಇಬ್ರೂ ಕಿತ್ತಾಡ್ತಿದ್ರು. ಹೋಗಿ ತಟ್ದೆ. ಅಷೋಂಗ್ ಗಾಜು ಇಳಿಸಿ, 'ನೀನು ಹೋಗಪ್ಪ' ಅಂದ. ಎಸಿ ಗಾಳಿ ಮುಖಕ್ಕೇ ಹೊಡೀತು. ನಡುಗಿಬಿಟ್ಟೆ."

ಇನ್ಸ್‌ಪೆಕ್ಟರ್ ಮಾವುಸಿ ಡ್ರೈವರ್ ಕಡೆ ತಿರುಗಿದರು. "ನೀನೇನಂತೀಯಾ?"

"ನಿನ್ನೆ ಸಂಜೆ ಧಣಿ ಇಲ್ಲೇ ಇಳಿದ್ರು. ಕೀ ಇಸ್ಕೊಂಡು, ಮನೆಗೆ ಹೋಗು ಅಂದ್ರು. ಆಮೇಲೆ ನಾನು ನೋಡಿಲ್ಲ."

"ರಾತ್ರಿ ನಿನ್ನ ಜೊತೆ ಯಾರಿದ್ರು?"

"ಯಾರೂ ಇಲ್ಲ."

"ಕಾರಿನ ಎಸಿ ಹೇಗಿತ್ತು?"

ಅವನು ನೆಲ ನೋಡಿದ. "ಚೆನ್ನಾಗಿತ್ತು ಮೇಡಂ."

*

ಮಾವುಸಿ ಮೇಡಂಗೆ ಒಂದು ಕೆಟ್ಟ ಚಾಳಿ. ಯಾರು ಏನು ಹೇಳಿದರೂ ತಾವೇ ಮಾಡಿ ನೋಡಬೇಕು. ಕಾರಿಗೆ ಪೆಟ್ರೋಲ್ ಹಾಕಿಸಿದರು. ಕೂತು ಎಂಜಿನ್ ಎಬ್ಬಿಸಿದರು. ಫ್ಯಾನು ಜೋರಾಗಿ ತಿರುಗಿತು. ಬಂದದ್ದು ಬಿಸಿಗಾಳಿ.

"ಗ್ಯಾಸ್ ಖಾಲಿ ಮೇಡಂ," ಎಂದೆ. ನಮ್ಮೂರಲ್ಲಿ ಎಸಿ ಕೆಟ್ಟರೆ ಎಲ್ಲರೂ ಮೊದಲು ಹೇಳುವುದು ಅದನ್ನೇ.

"ಇರಬಹುದು ಟೆಟ್ಟೆ. ಆದ್ರೆ ಗ್ಯಾಸ್ ಈಗ ತಾನೇ ಸೋರಿರಬಹುದು. ಬೆಳಿಗ್ಗೆ ತಣ್ಣಗಿತ್ತೋ ಇಲ್ವೋ, ನಂಗೆ ಬೇಕಾಗಿರೋದು ಅದು."

ಫ್ಯೂಸ್ ನೋಡಿದೆ. ಸರಿಯಾಗಿತ್ತು. ಬಾನೆಟ್ ಎತ್ತಿ ಗ್ಯಾಸ್ ಪೈಪಿನ ಮುಚ್ಚಳ ಬಿಚ್ಚಿ ಮೊಳೆಯಿಂದ ಒತ್ತಿದೆ. ಬುಸ್ಸೆಂದಿತು. ಗ್ಯಾಸ್ ಇತ್ತು! ನನ್ನ ಜಾಣತನ ಅಲ್ಲಿಗೆ ಮುಗಿಯಿತು.

ಮೇಡಂ ಟಾರ್ಚ್ ಹಿಡಿದು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"ಎಸಿ ಕಂಪ್ರೆಸರ್ ಚಕ್ರ ನೋಡು."

ನೋಡಿದೆ. ಎಂಜಿನ್ ಓಡುತ್ತಿದ್ದರೂ ಚಕ್ರ ಸುಮ್ಮನಿತ್ತು. ಅದನ್ನು ತಿರುಗಿಸುವ ಬೆಲ್ಟೇ ಇರಲಿಲ್ಲ. ಬೆಲ್ಟ್ ಕೂರುವ ಜಾಗದಲ್ಲಿ ತುಕ್ಕು ಹಿಡಿದಿತ್ತು. ತುಕ್ಕಿನ ಮೇಲೆ ಜೇಡ ಬಲೆ ಕಟ್ಟಿತ್ತು.

"ತಿಂಗಳುಗಟ್ಟಲೆ ಈ ಎಸಿ ಓಡಿಲ್ಲ," ಎಂದರು ಮೇಡಂ. "ಹಾಗಿದ್ರೆ ಈ ಸೆಕೆಗೆ ಗಾಜು ಯಾಕೆ ಏರಿಸ್ಕೊಂಡು ಓಡಾಡ್ತಿದ್ದ?"

ಅವರು ಗಡಿಯ ಕಡೆಯವರು, ಪಾಪ. ಟೆಮಾದ ದೊಡ್ಡಸ್ತಿಕೆ ಅವರಿಗೇನು ಗೊತ್ತು?

"ಮರ್ಯಾದೆಗೆ ಮೇಡಂ. ಗಾಜು ಇಳಿಸಿದ್ರೆ ಎಸಿ ಕೆಟ್ಟಿದೆ ಅಂತ ಊರಿಗೆಲ್ಲ ಗೊತ್ತಾಗುತ್ತೆ. ನಮ್ಮ ಚಿಕ್ಕಪ್ಪನೂ ಹಾಗೇ. ಚರ್ಚಿಗೆ ಬಂದು ಇಳಿಯೋವಾಗ ಮೈಯೆಲ್ಲ ತೊಪ್ಪೆ. ಗಾಜು ಮಾತ್ರ ಇಳಿಸಲ್ಲ."

ಮೇಡಂ ನಗಲಿಲ್ಲ. ಕೋಲ್ಡ್ ಸ್ಟೋರಿನ ಬಾಗಿಲನ್ನೇ ನೋಡುತ್ತಿದ್ದರು.

*

ಬಾಗಿಲ ಒಳಮೈಗೆ ಎದೆಯೆತ್ತರದಲ್ಲಿ ರಕ್ತ ಹೆಪ್ಪುಗಟ್ಟಿ ಅಂಟಿತ್ತು. ಯಾರೋ ಒರೆಸಿದ್ದರು. ಅಂಚಿನ ರಬ್ಬರಿನಲ್ಲಿ ಉಳಿದುಬಿಟ್ಟಿತ್ತು. ಪಕ್ಕದಲ್ಲಿ ಮೀನಿನ ಪೆಟ್ಟಿಗೆಗಳ ರಾಶಿ. ಒಂದನ್ನು ಒಡೆಸಿದರೆ ಆ ಚಳಿಯಲ್ಲೂ ನಾತ ಹೊಡೆಯಿತು.

"ಓಡೊಯ್ ಅವರೇ," ಎಂದರು ಮೇಡಂ, "ಆ ಕಾರಿನ ಎಸಿಗೆ ಬೆಲ್ಟೇ ಇಲ್ಲ. ಬೆಳಿಗ್ಗೆ ನಿಮ್ಮ ಮುಖಕ್ಕೆ ಹೊಡೆದ ಗಾಳಿ ಎಲ್ಲಿಂದ ಬಂತು?"

ಓಡೊಯ್ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

"ನೀವು ಯಾವತ್ತೂ ಆ ಕಾರು ಹತ್ತಿದವರಲ್ಲ. ನಿಮ್ಮ ವ್ಯಾನು ನಿಮಗೆ. ದಿನಾ ಗಾಜು ಮುಚ್ಚಿರೋದು ನೋಡಿದ್ರಿ, ಒಳಗೆ ತಂಪು ಅಂದ್ಕೊಂಡ್ರಿ. ಹೆಣವನ್ನ ಕಾರಲ್ಲಿ ಕೂರಿಸಿ, ಎಸಿ ಹಾಕಿ, ಗಾಳಿ ತಣ್ಣಗಾಗುತ್ತಾ ಅಂತಲೂ ನೋಡದೆ ಹೋದ್ರಿ. ಹೆಣ ಯಾಕೆ ಐಸಾಗಿದೆ ಅಂತ ಯಾರಾದ್ರೂ ಕೇಳಿದ್ರೆ ಎಸಿ ತೋರಿಸಬಹುದಿತ್ತು. ಆದ್ರೆ ಎಸಿ ಇಲ್ಲದ ಕಾರಲ್ಲಿ, ಈ ಬಿಸಿಲಲ್ಲಿ, ಹೆಣ ಐಸಾಗಬೇಕಾದ್ರೆ ಅದು ಐಸಿನಿಂದಲೇ ಬಂದಿರಬೇಕು. ಅಂಗಿ ಒದ್ದೆಯಾಗಿದ್ದು ಬೆವರಿಗಲ್ಲ, ಮೈಮೇಲಿನ ಐಸ್ ಕರಗಿ. ಗೆಣ್ಣು ಸುಲಿದಿದ್ದು ಜಗಳಕ್ಕಲ್ಲ, ಬಾಗಿಲು ಬಡಿದು. ಈ ಬಾಗಿಲಿನ ಬೀಗ ನಿಮ್ಮ ಕೈಲೇ ಇರೋದು."

ಓಡೊಯ್ ಪೆಟ್ಟಿಗೆಯ ಮೇಲೆ ಕುಸಿದ.

"ಕರೆಂಟ್ ಹೋಗಿ ಮೀನು ಕೊಳೀತು. ಮತ್ತೆ ಗಟ್ಟಿ ಮಾಡಿ ಮಾರೋಣ ಅಂದೆ. ಸಮುದ್ರಕ್ಕೆ ಸುರೀತೀನಿ ಅಂದ. ತಿಂದ ಮಕ್ಕಳು ಸಾಯ್ತಾರೆ ಅಂದ. ಸ್ವಲ್ಪ ಹೊತ್ತು ಕೂಡಿ ಹಾಕಿದ್ರೆ ದಾರಿಗೆ ಬರ್ತಾನೆ ಅಂತ..."

"ಬಡಿಯೋದು ಕೇಳಿಸ್ತಾ?"

"ಕೇಳಿಸ್ತು."

"ಯಾವಾಗ ತೆಗೆದ್ರಿ?"

"ನಿಂತ ಮೇಲೆ."

ನನಗೆ ಅವನ ಮುಖ ನೋಡಲಾಗಲಿಲ್ಲ. ಕೋಳ ತೊಡಿಸಿ ಹೊರಗೆ ತಂದೆ.

*

ಅಯಾಮ್ಗಾ ಠಾಣೆಯ ಬೆಂಚಿನ ಮೇಲಿದ್ದ. ನಾರ್ಕಿ ಬಿಸಿನೀರಿನ ಬಟ್ಟೆಯಿಂದ ಅವನ ಕಣ್ಣು ಒರೆಸುತ್ತಿದ್ದಳು.

"ನೀನಿನ್ನು ಹೋಗಬಹುದು," ಎಂದರು ಮೇಡಂ. "ಆದ್ರೆ ಎಸಿ ಕೆಟ್ಟಿದೆ ಅಂತ ಒಂದು ಮಾತು ಹೇಳೋಕೇನಾಗಿತ್ತೋ? ಜೈಲಲ್ಲೇ ಕೊಳೀತಿದ್ದೆಯಲ್ಲೋ!"

"ಯಾರಿಗೂ ಹೇಳ್ಬೇಡ ಅಂತ ಧಣಿ ಆಣೆ ಹಾಕಿಸ್ಕೊಂಡಿದ್ರು. ಒಳಗೆ ನಾವಿಬ್ರೂ ಬೇಯ್ತಿದ್ವಿ. ಹೊರಗೆ ಕೈ ಬೀಸಿ ನಗ್ತಿದ್ರು." ಅವನು ಅಂಗಿಯ ತುದಿಯಿಂದ ಬಾಯಿ ಒರೆಸಿಕೊಂಡ. "ಕೋರ್ಟಲ್ಲಿ ಇದು ಹೇಳ್ಬೇಕಾ ಮೇಡಂ? ಅವರ ಮನೆಯವರೆಲ್ಲ ಬಂದಿರ್ತಾರೆ."

"ಹೇಳ್ಲೇಬೇಕು. ಎಲ್ಲಕ್ಕಿಂತ ಮೊದಲು ಅದನ್ನೇ ಹೇಳ್ಬೇಕು."

ಹಲ್ಲು ಉದುರುವಂತೆ ಹೊಡೆದಾಗಲೂ ಅವನು ಅತ್ತಿರಲಿಲ್ಲ. ಈಗ ಮುಖ ಮುಚ್ಚಿಕೊಂಡು ಅತ್ತ.