ಗರಿಪುರದ ತಕ್ಕಡಿ

ಬಹಳ ಬಹಳ ಹಿಂದೆ, ಹಕ್ಕಿಗಳಿಗೂ ಮನುಷ್ಯರ ಮಾತು ಬರುತ್ತಿದ್ದ ಕಾಲದಲ್ಲಿ, ಗರಿಪುರ ಎಂಬ ರಾಜ್ಯವಿತ್ತು. ಅದರ ಅಂಚಿನಲ್ಲಿ ತಳ ಕಾಣದ ಒಂದು ಕಮರಿ. ಕಮರಿಯ ಆಚೆ ದಡದ ಗುಹೆಯಲ್ಲಿ ಧೂಮಾಕ್ಷನೆಂಬ ಮಾಂತ್ರಿಕನಿದ್ದ. ಗುಹೆಯ ಬಾಗಿಲಲ್ಲಿ ಒಂದು ದೀಪ ಉರಿಯುತ್ತಿತ್ತು. ಅದು ಉರಿಯುವ ತನಕ ಅವನು ಹೊಸ್ತಿಲು ದಾಟುವಂತಿರಲಿಲ್ಲ. ಪ್ರತಿ ಯುಗಾದಿಗೆ ಬೆಳ್ಗರಿ ಎಂಬ ದೊಡ್ಡ ಹಕ್ಕಿ ಬಂದು ಗರಿಪುರದ ಅರಸನನ್ನು ಬೆನ್ನ ಮೇಲೆ ಹೊತ್ತು ಆಚೆಗೆ ಒಯ್ಯುತ್ತಿತ್ತು. ಅರಸ ಕೈಯಾರೆ ದೀಪಕ್ಕೆ ಎಣ್ಣೆ ಹಾಕಬೇಕು. ಬೇರೆಯವರು ಹಾಕಿದ ಎಣ್ಣೆಯನ್ನು ಆ ದೀಪ ಮುಟ್ಟುತ್ತಲೇ ಇರಲಿಲ್ಲ.

ಕೇತರಾಯ ಚಿಕ್ಕ ವಯಸ್ಸಿಗೇ ಪಟ್ಟಕ್ಕೆ ಬಂದ. ಒಳ್ಳೆಯವನು, ಆದರೆ ಬಾಯಿ ಕಟ್ಟುವುದು ಗೊತ್ತಿರಲಿಲ್ಲ. ಬೆಳಿಗ್ಗೆ ಚಿರೋಟಿ, ಮಧ್ಯಾಹ್ನ ಒಬ್ಬಟ್ಟು, ಸಂಜೆ ಕೊಬ್ಬರಿ ಮಿಠಾಯಿ. ಅವನ ಮೊದಲ ಯುಗಾದಿಗೆ ಬೆಳ್ಗರಿ ಅರ್ಧ ಕಮರಿಯಲ್ಲೇ ಬಸವಳಿಯಿತು. ತೂರಾಡಿಕೊಂಡು ಆಚೆ ದಡ ಮುಟ್ಟುವಷ್ಟರಲ್ಲಿ ದೀಪ ಒಂದು ಕ್ಷಣ ಆರಿಹೋಯಿತು. ಅರಸ ಎಣ್ಣೆ ಹಾಕಿದ ಕೂಡಲೇ ಮತ್ತೆ ಹೊತ್ತಿಕೊಂಡಿತು, ಆದರೆ ಅಷ್ಟೇ ಹೊತ್ತಿನಲ್ಲಿ ಗುಹೆಯ ಹೊಗೆ ಕಮರಿ ದಾಟಿತು. ಈಚೆ ದಡದಲ್ಲಿ ಅಣ್ಣನ ದಾರಿ ನೋಡುತ್ತಿದ್ದ ತಂಗಿ ಸೋಮಲೆ ಮೊಣಕಾಲಿನ ತನಕ ಕಲ್ಲಾದಳು.

ಕೇತರಾಯ ತಂಗಿಯ ಕಲ್ಲುಕಾಲು ಹಿಡಿದು ಗೋಳೋ ಎಂದು ಅತ್ತ. ಆಗ ಬೆಳ್ಗರಿ ಹೇಳಿತು: "ಅತ್ತರೆ ಹಗುರಾಗೋದು ಮನಸ್ಸು, ಮೈಯಲ್ಲ. ನಾನು ಎಷ್ಟು ಹೊರಬಲ್ಲೆ ಅಂತ ಮೊದಲು ತಿಳ್ಕೋ."

ಊರಿನ ಪ್ರತಿ ಮನೆಯವರೂ ಅಂಗಳದಿಂದ ಒಂದೊಂದು ಬೆಣಚುಕಲ್ಲು ತಂದು ಬುಟ್ಟಿಗೆ ಹಾಕಿದರು. ಬೆಳ್ಗರಿ ನಡುಗದೆ ಎತ್ತುವಷ್ಟಕ್ಕೆ ನಿಲ್ಲಿಸಿದರು. ಊರ ಹೆಬ್ಬಾಗಿಲಿಗೆ ದೊಡ್ಡ ತಕ್ಕಡಿ ಕಟ್ಟಿದರು. ಹುಣ್ಣಿಮೆ ಹುಣ್ಣಿಮೆಗೂ ಬೆಳಿಗ್ಗೆ ಒಂದು ತಟ್ಟೆಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಅರಸ. ಸೋಮಲೆಯನ್ನು ಪಲ್ಲಕ್ಕಿಯಲ್ಲಿ ತಂದು ಜಗಲಿಯ ಮೇಲೆ ಕೂರಿಸುತ್ತಿದ್ದರು. ಅವಳು ಮುಳ್ಳು ನೋಡಿ, ಊರಿಗೆಲ್ಲ ಕೇಳುವ ಹಾಗೆ "ಅರಸ ಭಾರ!" ಎಂದೋ "ಅರಸ ಹಗುರ!" ಎಂದೋ ಕೂಗುತ್ತಿದ್ದಳು. ಭಾರ ಎಂದ ತಿಂಗಳಲ್ಲಿ ಅರಸ ತರಕಾರಿ ಸಂತೆಗೆ ಹೋದರೂ ಹೆಂಗಸರು ಸೊಪ್ಪಿನ ಕಟ್ಟು ಎತ್ತಿ ತೋರಿಸಿ ನಗುತ್ತಿದ್ದರು.

ಕೇತರಾಯ ರಾಗಿ ಅಂಬಲಿ ಕುಡಿದ, ಸೊಪ್ಪು ತಿಂದ, ದಿನವೂ ಕೋಟೆಗುಡ್ಡ ಹತ್ತಿ ಇಳಿದ. ಮುಂದಿನ ಯುಗಾದಿಗೆ ಬೆಳ್ಗರಿ ಅವನನ್ನು ಹೊತ್ತು ಸಲೀಸಾಗಿ ಹಾರಿತು. ಊರಿಗೆ ಊರೇ ಕುಣಿಯಿತು.

ಕತೆ ಇಲ್ಲಿಗೇ ಮುಗಿಯಬಹುದಿತ್ತು, ನಾವೂ ಎದ್ದು ಹೋಗಬಹುದಿತ್ತು. ಆದರೆ ಇಳಿದವನು ಇಳಿದಲ್ಲೇ ಇರಬೇಕಲ್ಲ!

ಹಬ್ಬ ಕಳೆದ ಮೇಲೆ ಒಬ್ಬ ಕಲ್ಲಿನ ವ್ಯಾಪಾರಿ ಅರಮನೆಗೆ ಬಂದ. ನಯವಾದ ಮಾತು, ಎಲ್ಲಿಯೂ ನಿಲ್ಲದ ಕಣ್ಣು.

"ಮಹಾಪ್ರಭು, ಗೆದ್ದಾಯ್ತಲ್ಲ! ಇನ್ನೂ ಯಾಕೆ ಬತ್ತದ ಮೂಟೆ ತರ ಬೀದೀಲಿ ತೂಗಿಸ್ಕೋತೀರಿ? ಮರ್ಯಾದೆ ಪ್ರಶ್ನೆ. ಈ ಕರಿಕಲ್ಲು ನಿಮ್ಮ ಬುಟ್ಟಿಯಷ್ಟೇ ತೂಗುತ್ತೆ. ಒಳಮನೇಲಿ ಇಟ್ಕೊಳ್ಳಿ, ಬಾಗಿಲು ಹಾಕ್ಕೊಂಡು ನೀವೇ ತೂಗಿ ನೋಡ್ಕೊಳ್ಳಿ."

ಅರಸನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬುಟ್ಟಿಯ ಎದುರು ಇಟ್ಟು ನೋಡಿದ, ಸರಿಸಮ. ಅಂದಿನಿಂದ ಹೆಬ್ಬಾಗಿಲ ತಕ್ಕಡಿ ಖಾಲಿ ತೂಗಾಡಿತು. ಕೇತರಾಯ ಒಳಮನೆಯಲ್ಲಿ ಇನ್ನೊಂದು ತಕ್ಕಡಿ ಕಟ್ಟಿಸಿ, ಕದ ಹಾಕಿಕೊಂಡು ಕರಿಕಲ್ಲಿನ ಎದುರು ಕೂರುತ್ತಿದ್ದ. ಪ್ರತಿ ಸಲವೂ ಸಮ. 'ಸಮ ಇದೆಯಲ್ಲ' ಎಂದು ಒಂದು ಒಬ್ಬಟ್ಟು ತಿಂದ. ಮುಂದಿನ ಹುಣ್ಣಿಮೆಗೂ ಸಮ. ಒಬ್ಬಟ್ಟಿನ ಜೊತೆ ತುಪ್ಪವೂ ಬಂತು.

ಸ್ವಲ್ಪ ಕಾಲ ಕಳೆದ ಮೇಲೆ ಅಂಗಿ ಕಂಕುಳಲ್ಲಿ ಹಿಡಿಯತೊಡಗಿತು. ಅರಸನಿಗೆ ಅನುಮಾನ ಹುಟ್ಟಿತು. ದರ್ಜಿ ತಿಮ್ಮಾಜಿಯನ್ನು ಕರೆಸಿದ.

"ನಿಜ ಹೇಳು, ಹೊಲಿಗೆ ಬಿಗಿ ಮಾಡಿದ್ಯಾ? ಯಾರು ಹೇಳಿಕೊಟ್ರು?"

"ಬುದ್ಧಿ, ನಾನು ಸೂಜಿ ಮುಟ್ಟಿಲ್ಲ. ಅಂಗಿ ಹಳೇದೇ," ಎಂದ ತಿಮ್ಮಾಜಿ. ಅರಸ ನಂಬಲಿಲ್ಲ. ಅವನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ.

ಆಮೇಲೆ ಕುದುರೆ ಗುಡ್ಡದ ಅರ್ಧಕ್ಕೇ ಏದುಸಿರು ಬಿಟ್ಟಿತು. ಲಾಯದ ಗಿಡ್ಡಯ್ಯನನ್ನು ಕರೆಸಿದ.

"ಕುದುರೆಯ ಹುರುಳಿ ಕದ್ದಿದ್ದೀಯ. ಇಲ್ಲದಿದ್ರೆ ಹೀಗೆ ಸೊರಗ್ತಿರಲಿಲ್ಲ!"

"ಕುದುರೆ ಸೊರಗಿಲ್ಲ ಒಡೆಯಾ," ಎಂದು ಗಿಡ್ಡಯ್ಯ ಮುಂದಿನ ಮಾತನ್ನು ನುಂಗಿಕೊಂಡ. ನುಂಗಿದ್ದೇ ತಪ್ಪಾಯಿತು. ಅವನೂ ಮನೆಗೆ ಹೋದ.

ಅರಮನೆಯಲ್ಲಿ ಈಗ ಎಲ್ಲರೂ ಪಿಸುಗುಟ್ಟುತ್ತಿದ್ದರು, ಅರಸ ಬಂದರೆ ಗಪ್‌ಚಿಪ್. ಕೇತರಾಯ ಕಂಬದ ಹಿಂದೆ ನಿಂತು ಕಿವಿಗೊಟ್ಟ. ಅಡುಗೆಯವನ ಸೌಟನ್ನೂ ಮೂಸಿ ನೋಡಿದ. ಯಾರೋ ತನ್ನ ಮೇಲೆ ಮಾಟ ಮಾಡಿದ್ದಾರೆ ಎಂಬುದು ಅವನಿಗೆ ಖಾತ್ರಿಯಾಗಿತ್ತು. ಅದು ನಿಜವೂ ಆಗಿತ್ತು, ಪಾಪ, ಬೆರಳು ಮಾತ್ರ ತಪ್ಪು ಕಡೆ ತೋರಿಸುತ್ತಿತ್ತು.

ಒಂದು ದಿನ ಸೋಮಲೆ ನೇರವಾಗಿ ಅಂದಳು: "ಅಣ್ಣ, ನೀನು ಮತ್ತೆ ದಪ್ಪ ಆಗಿದ್ದೀಯ."

"ಕಲ್ಲು ಸಮ ತೋರಿಸ್ತಿದೆ! ನಾನು ಓಡಾಡೋದು ನಿನಗೆ ಕಣ್ಣುರಿ. ನಿನ್ನ ಕಾಲು ಹೋಯ್ತು ಅಂತ..." ಮಾತು ಬಾಯಿಂದ ಜಾರಿಬಿಟ್ಟಿತ್ತು.

ಸೋಮಲೆಯ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿಯಾಗಿತ್ತು. "ನನ್ನ ಮೇಲೂ ಅನುಮಾನ ಪಟ್ಟೆ. ಪಡು. ಆದ್ರೆ ಆ ಕಲ್ಲಿನ ಮೇಲೊಂದೇ ಯಾಕೆ ಅನುಮಾನ ಬರಲಿಲ್ಲ? ಅದು ನಿನಗೆ ಇಷ್ಟವಾದದ್ದನ್ನೇ ಹೇಳುತ್ತೆ ಅಂತಾನಾ?"

ಆ ಮಾತು ಅವನನ್ನು ಚುಚ್ಚಿತು. ಕರಿಕಲ್ಲನ್ನು ಗಾಡಿಗೆ ಹಾಕಿಸಿ ಹೆಬ್ಬಾಗಿಲಿಗೆ ಹೋದ. ಮೊದಲು ಬುಟ್ಟಿಯ ಮೇಲೇ ಅನುಮಾನ. ಕಲ್ಲುಗಳನ್ನೆಲ್ಲ ಕೆಳಗೆ ಸುರಿದ. ತಿಮ್ಮಾಜಿಯ ಅಂಗಳದ ನೀಲಿ ಕಲ್ಲು, ಗಿಡ್ಡಯ್ಯನ ತೂತುಗಲ್ಲು, ಎಲ್ಲ ಅವೇ. ಮತ್ತೆ ತುಂಬಿಸಿ ತಟ್ಟೆಯಲ್ಲಿ ಕೂತ. ತಟ್ಟೆ ದೊಪ್ಪನೆ ನೆಲಕ್ಕೆ ಬಿತ್ತು. ಎದ್ದು, ತನ್ನ ಜಾಗದಲ್ಲಿ ಕರಿಕಲ್ಲನ್ನು ಇಡಿಸಿದ. ತಟ್ಟೆ ಮತ್ತೆ ದೊಪ್ಪನೆ ಬಿತ್ತು.

ಅಷ್ಟರಲ್ಲಿ ಒಂದು ನೊಣ ಬಂದು ಎದುರು ಕೂತಿತು. ಕಲ್ಲು ಉದ್ದನೆಯ ನಾಲಿಗೆ ಚಾಚಿ ನೊಣವನ್ನು ನುಂಗಿತು.

ಅದು ಕಲ್ಲಲ್ಲ, ಕಪ್ಪೆ! ಅರಸ ಕೊಂಬು ಊದಿ ಬೆಳ್ಗರಿಯನ್ನು ಕರೆದ. ಹಕ್ಕಿ ಬಂದು ನೋಡಿ ಹೇಳಿತು: "ಇದರೊಳಗೆ ಧೂಮಾಕ್ಷನ ಪ್ರಾಣ ಇದೆ. ಆ ವ್ಯಾಪಾರಿ ಅವನ ಶಿಷ್ಯ. ನೀನು ಮುಚ್ಚಿಟ್ಟಷ್ಟೂ ಇದು ಊದುತ್ತೆ, ಇದು ಊದಿದಷ್ಟೂ ಅವನು ಬೆಳೀತಾನೆ. ಈಗ ಅವನ ತಲೆ ಗುಹೆಯ ಮಾಡಿಗೆ ತಾಗ್ತಿದೆ. ಬರೋ ಯುಗಾದಿಗೆ ದೀಪ ಆರಿದ್ರೆ ನಿನ್ನ ತಂಗಿ ಪೂರ್ತಿ ಕಲ್ಲು. ಆಮೇಲೆ ಊರು."

"ಇದನ್ನ ಕೊಲ್ಲೋದು ಹೇಗೆ?"

"ಕತ್ತಿ ನಾಟಲ್ಲ. ಮುಚ್ಚಿಟ್ಟದ್ದು ಇದನ್ನ ಊದಿಸ್ತು. ಬಿಚ್ಚಿ ಹೇಳು."

ಯುಗಾದಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಕೇತರಾಯ ಡಂಗುರ ಸಾರಿಸಿ ಊರನ್ನೆಲ್ಲ ಸೇರಿಸಿದ. ಸೋಮಲೆಯ ಕ್ಷಮೆ ಕೇಳಿದ, ತಿಮ್ಮಾಜಿಯದೂ, ಗಿಡ್ಡಯ್ಯನದೂ. ಆಮೇಲೆ ತಟ್ಟೆಯಲ್ಲಿ ಕೂತು ತಾನೇ ಕೂಗಿದ: "ಅರಸ ಭಾರ!" ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. ಕಪ್ಪೆ ಗೊಟರ್ ಎಂದು ಕುಂಬಳಕಾಯಿಯಷ್ಟಕ್ಕೆ ಕುಗ್ಗಿತು.

ಮತ್ತೆ ಅಂಬಲಿ, ಮತ್ತೆ ಗುಡ್ಡ. ಮುಂದಿನ ಹುಣ್ಣಿಮೆಗೆ ಸೋಮಲೆ ಕೂಗಿದಳು: "ಅರಸ ಭಾರ! ಆದರೆ ಮೊದಲಿನಷ್ಟಲ್ಲ!" ಕಪ್ಪೆ ತೆಂಗಿನಕಾಯಿಯಷ್ಟಾಯಿತು.

ಯುಗಾದಿಯ ಬೆಳಿಗ್ಗೆ ಬೆಳ್ಗರಿ ಕಾದು ನಿಂತಿತ್ತು. ಅರಸ ತಕ್ಕಡಿಯಲ್ಲಿ ಕೂತ. ಮುಳ್ಳು ಕೂದಲೆಳೆಯಷ್ಟು ಅವನ ಕಡೆಗೇ ವಾಲಿತ್ತು. ಕಿರೀಟ ತೆಗೆದ, ಪಾದುಕೆ ಬಿಟ್ಟ. ಆದರೂ ಕದಲಲಿಲ್ಲ. ಸೋಮಲೆ ಕಣ್ಣು ಕಿರಿದು ಮಾಡಿದಳು.

"ಅಣ್ಣ, ಸೊಂಟದಲ್ಲಿ ಏನದು?"

ಕೇತರಾಯ ತಲೆ ತಗ್ಗಿಸಿ ಸೊಂಟಪಟ್ಟಿಯಿಂದ ಒಂದು ಕೊಬ್ಬರಿ ಮಿಠಾಯಿ ತೆಗೆದ. "ದಾರಿಗೆ ಅಂತ..." ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಮುಳ್ಳು ನೆಟ್ಟಗಾಯಿತು, ಕಪ್ಪೆ ನಿಂಬೆಹಣ್ಣಿನಷ್ಟಾಯಿತು.

ಬೆಳ್ಗರಿ ಹಾರಿತು. ಗುಹೆಯ ಬಾಗಿಲಲ್ಲಿ ದೀಪ ಮಿಣುಕುತ್ತಿತ್ತು. ಹೊಸ್ತಿಲ ಒಳಗೆ ಹೆಬ್ಬೆರಳಷ್ಟು ಎತ್ತರದ ಧೂಮಾಕ್ಷ ನಿಂತಿದ್ದ. ಅವನ ಪಕ್ಕದಲ್ಲಿ ತಟ್ಟೆ ತುಂಬ ಬಿಸಿ ಒಬ್ಬಟ್ಟು, ಮೇಲೆ ತುಪ್ಪ.

"ದಣಿದಿದ್ದೀಯ ಅರಸ," ಎಂದ ಮಾಂತ್ರಿಕ ಸಣ್ಣ ದನಿಯಲ್ಲಿ. "ಇಲ್ಲಿ ಯಾರೂ ಇಲ್ಲ. ಒಂದೇ ಒಂದು. ಯಾರಿಗೆ ಗೊತ್ತಾಗುತ್ತೆ?"

ಕೇತರಾಯನ ಬಾಯಲ್ಲಿ ನೀರೂರಿತು. ಕೈ ತಟ್ಟೆಯ ತನಕ ಹೋಯಿತು. ತನ್ನ ಕೈಯನ್ನೇ ಅವನು ಕಳ್ಳನನ್ನು ನೋಡುವ ಹಾಗೆ ನೋಡಿದ. ಆಮೇಲೆ ಕಮರಿಯ ಕಡೆ ತಿರುಗಿ ಎದೆ ತುಂಬ ಕೂಗಿದ:

"ಸೋಮಲೇ! ಇಲ್ಲಿ ಒಬ್ಬಟ್ಟಿದೆ! ನನಗೆ ತಿನ್ಬೇಕು ಅನ್ನಿಸ್ತಿದೆ!"

ಊರ ಕಡೆಯ ದಡದಿಂದ ತಂಗಿಯ ದನಿ ಬಂತು: "ಕೇಳಿಸ್ತು ಅಣ್ಣಾ! ಎಣ್ಣೆ ಹಾಕು, ಬಾ!"

ತಂಗಿಯ ಮಡಿಲಲ್ಲಿದ್ದ ಕಪ್ಪೆ ಸಾಸಿವೆಯಷ್ಟಾಗಿ, ಆಮೇಲೆ ಇಲ್ಲವೇ ಆಯಿತು. ಗುಹೆಯಲ್ಲಿ ಧೂಮಾಕ್ಷನೂ ಇಲ್ಲ, ಒಬ್ಬಟ್ಟೂ ಇಲ್ಲ. ಅರಸ ಎಣ್ಣೆ ಹಾಕಿ ಮರಳಿದಾಗ ಸೋಮಲೆ ತನ್ನ ಕಾಲ ಮೇಲೆ ತಾನೇ ಓಡಿಬಂದು ಅವನನ್ನು ಅಪ್ಪಿಕೊಂಡಳು.

ಗರಿಪುರದಲ್ಲಿ ಎಲ್ಲರೂ ನೆಮ್ಮದಿಯಾಗಿ ಬಾಳಿದರು. ಕಲ್ಲಿನ ವ್ಯಾಪಾರಿ ಊರು ಬಿಟ್ಟು ಓಡಿದ. ಮಂತ್ರಿಯೊಬ್ಬರು ಮಾತ್ರ ಒಮ್ಮೆ ಕೇಳಿದರು: "ಮಾಂತ್ರಿಕ ಹೋದನಲ್ಲ ಪ್ರಭು, ಇನ್ನಾದರೂ ಹೆಬ್ಬಾಗಿಲ ತಕ್ಕಡಿ ಬಿಚ್ಚಿಸಬಹುದಲ್ಲವೇ?"

ಕೇತರಾಯ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿ ಕೇಳಿದ: "ಮಂತ್ರಿಗಳೇ, ನಿಮ್ಮ ಚೀಲದಲ್ಲಿ ಯಾವ ಕಲ್ಲಿದೆ?"

ಅರಸನ ತಲೆ ನರೆಯಿತು, ಸೋಮಲೆ ಅಜ್ಜಿಯಾದಳು. ಆದರೂ ಹುಣ್ಣಿಮೆಯ ಬೆಳಿಗ್ಗೆ ಅವಳು ತನ್ನ ಕಾಲಿನಲ್ಲೇ ನಡೆದು ಬಂದು ಜಗಲಿ ಹತ್ತಿ ಕೂರುತ್ತಿದ್ದಳು. ಮೊದಲು ಅಣ್ಣನ ಸೊಂಟಪಟ್ಟಿ ತಡಕುತ್ತಿದ್ದಳು, ಆಮೇಲೆ ಮುಳ್ಳು ನೋಡುತ್ತಿದ್ದಳು.