ಬ್ಲೇಡು ಕದ್ದವನ ಅಕ್ಕರೆ

ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರು ಚಿಕ್ಕದಿತ್ತು: ವಿಮಾನದ ಇಂಜಿನ್ನಿಗೆ ಹಾಕುವ ಹನ್ನೆರಡು ಬ್ಲೇಡುಗಳು ಕಾರ್ಖಾನೆಯ ಉಗ್ರಾಣದಿಂದ ಮಾಯವಾಗಿವೆ. ದೂರು ತಂದವರು ಕಾರ್ಖಾನೆಯ ಯಜಮಾನರು. ಜೊತೆಗಿದ್ದವನು ಅವರ ಅಳಿಯ, ಅಲ್ಲಿ ಗುಣಮಟ್ಟ ತಪಾಸಣೆಯ ಮುಖ್ಯಸ್ಥ. ದೊಡ್ಡ ಇಂಜಿನ್ ಕಂಪನಿಯೊಂದರ ಉಪಗುತ್ತಿಗೆ ಇವರದು. ಸಂಜೆಯೊಳಗೆ ಮಾಲು ಹೊರಡದಿದ್ದರೆ ಗುತ್ತಿಗೆ ಕೈತಪ್ಪುತ್ತದೆ ಎಂದು ಯಜಮಾನರು ಮೇಜು ಗುದ್ದಿದರು. ಮೇಜಿನಿಂದ ಉರುಳಿದ ಪೆನ್ನನ್ನು ಅಳಿಯ ಎತ್ತಿಟ್ಟ.

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರಮ್ಮ ಹವಾಲ್ದಾರನೊಂದಿಗೆ ಹೊರಟರು. ಆಕೆಗೆ ಎಲ್ಲರ ಮೇಲೂ ಅನುಮಾನ. ಮನೆಯಲ್ಲಿ ಹಾಲು ಉಕ್ಕಿದರೂ ಉಕ್ಕಿಸಿದವರು ಯಾರು ಎಂದು ಕೇಳುವ ಜಾತಿ.

ಉಗ್ರಾಣದ ಬೀಗ ನೆಟ್ಟಗಿತ್ತು. ಬೀಗದ ಕೈ ಇದ್ದದ್ದು ಮಾವ, ಅಳಿಯ ಇಬ್ಬರ ಬಳಿ ಮಾತ್ರ.

"ಕಾವಲುಗಾರನ್ನ ಎಳ್ಕೊಂಡು ಹೋಗೋಣ್ವಾ ಮೇಡಂ?" ಎಂದ ಹವಾಲ್ದಾರ.

"ಸುಮ್ನಿರಯ್ಯ. ಇಲ್ನೋಡು."

ಮಾಲು ತುಂಬಿಟ್ಟಿದ್ದ ಪೆಟ್ಟಿಗೆಯಲ್ಲಿ ಇನ್ನೂ ಒಂದಷ್ಟು ಬ್ಲೇಡುಗಳು ಉಳಿದಿದ್ದವು. ಖಾಲಿಯಾದ ಜಾಗಕ್ಕೆ ಯಾರೋ ಸ್ಪಂಜು ಕತ್ತರಿಸಿ ತುರುಕಿದ್ದರು, ಉಳಿದವು ಒಂದಕ್ಕೊಂದು ತಾಗದ ಹಾಗೆ. ಬಿಟ್ಟುಹೋದ ಮಾಲಿನ ಮೇಲೆ ಕಳ್ಳನಿಗೆ ಇಷ್ಟು ಅಕ್ಕರೆ ಯಾಕೆ?

ಮಾವ, ಅಳಿಯ ಇಬ್ಬರನ್ನೂ ಕರೆಸಿ, ಪೆಟ್ಟಿಗೆಯ ಒಂದು ಬ್ಲೇಡನ್ನು ಯಜಮಾನರ ಕೈಗಿತ್ತರು.

"ಇದನ್ನ ಕದ್ದು ಯಾರಿಗೇನು ಲಾಭ?"

"ನಮ್ಮ ಪ್ರತಿಸ್ಪರ್ಧಿಗಳಿಗೆ! ಇನ್ಯಾರಿಗೆ?" ಯಜಮಾನರು ಸಿಟ್ಟಿನಲ್ಲಿ ಬ್ಲೇಡನ್ನು ಮೇಜಿನತ್ತ ಎಸೆದರು. ಅದು ಬೀಳುವ ಮೊದಲೇ ಅಳಿಯ ಹಾರಿ ಹಿಡಿದು, ಅದರ ಅಂಚು ಸವರಿ ನೋಡಿದ.

"ಯಜಮಾನ್ರೇ, ಸ್ವಲ್ಪ ಹೊರಗಿರಿ," ಎಂದರು ಇನ್ಸ್‌ಪೆಕ್ಟರಮ್ಮ. ಬಾಗಿಲು ಮುಚ್ಚಿತು.

"ಸ್ಪಂಜು ಇಟ್ಟಿದ್ದು ನೀವೇ ತಾನೇ?"

ಅಳಿಯ ತಲೆ ತಗ್ಗಿಸಿದ. "ತಾಗಿದ್ರೆ ಪೆಟ್ಟಾಗುತ್ತೆ ಮೇಡಂ. ಕೈ ತಾನಾಗೇ ಮಾಡ್ಬಿಡ್ತು."

"ಆ ಹನ್ನೆರಡು?"

"ಅವುಗಳಲ್ಲಿ ಬಿರುಕಿದೆ. ಮಾವನಿಗೆ ಹೇಳ್ದೆ. ತಪಾಸಣೆ ಪತ್ರಕ್ಕೆ ಸಹಿ ಹಾಕು, ಮಿಕ್ಕಿದ್ದು ನಾನು ನೋಡ್ಕೊಳ್ತೀನಿ ಅಂದ್ರು. ಹಾಕ್ಬಿಟ್ಟೆ. ಆದ್ರೆ ಆ ವಿಮಾನದಲ್ಲಿ ಜನ ಕೂತ್ಕೋತಾರಲ್ಲ ಮೇಡಂ."

ಅವನ ಕಾರಿನ ಡಿಕ್ಕಿಯಲ್ಲಿ, ಪಂಚರ ಸಮಕ್ಷಮ, ಹನ್ನೆರಡೂ ಸಿಕ್ಕವು. ಒಂದೊಂದನ್ನೂ ಮಗಳ ಹಳೆಯ ಕಾಲುಚೀಲದೊಳಗೆ ಸೇರಿಸಿಟ್ಟಿದ್ದ.

ಯಜಮಾನರ ಮುಖ ಅರಳಿತು. "ಸಿಕ್ತಲ್ಲ, ಬಿಡಿ. ಮನೆ ವಿಷಯ, ದೂರು ವಾಪಸ್ ತಗೋತೀನಿ. ಮಾಲು ಕೊಡಿ, ಲಾರಿ ಕಾಯ್ತಿದೆ."

"ಜಪ್ತಿಯಾದ ಮಾಲು ಯಜಮಾನ್ರೇ. ಮೊದ್ಲು ಪ್ರಯೋಗಾಲಯ, ಆಮೇಲೆ ಕೋರ್ಟು. ಇಂಜಿನ್ ಕಂಪನಿಗೂ ತಿಳಿಸ್ತೀನಿ. ನಿಮ್ಮ ಹೇಳಿಕೆನೂ ಬೇಕು, ಎಲ್ಲೂ ಹೋಗ್ಬೇಡಿ."

ಪಂಚನಾಮೆಯಲ್ಲಿ 'ಬಿರುಕು ಇರುವ ಶಂಕೆ' ಎಂದು ಆಕೆ ತಾವೇ ನಿಂತು ಬರೆಸಿದರು. ಮಾವ ಅಳಿಯನ ಮುಖವನ್ನೂ ನೋಡದೆ ಒಳಗೆ ಹೋದರು.

ಅಳಿಯನನ್ನು ಬಂಧಿಸಿ ಜೀಪು ಹತ್ತಿಸಿದ ಮೇಲೆ ಹವಾಲ್ದಾರನಿಗೆ ತಡೆಯಲಾಗಲಿಲ್ಲ. "ಅಲ್ರೀ, ಸಹಿ ಹಾಕಲ್ಲ ಅಂತ ಅವತ್ತೇ ಒಂದು ಮಾತು ಅಂದಿದ್ರೆ ಮುಗೀತಿತ್ತಲ್ಲ?"

ಅಳಿಯ ಸೀಟಿನ ತುದಿಗೆ ಸರಿದು ಕೂತ.

"ನಾನು ಮನೆಅಳಿಯ ಸಾರ್. ಮದುವೆಯಾದಾಗಿಂದ ಆ ಮನೇಲಿ ಯಾವುದಕ್ಕೂ 'ಆಗಲ್ಲ' ಅಂದಿಲ್ಲ. ಹಾಗನ್ನೋದಕ್ಕಿಂತ ಕದಿಯೋದೇ ಸುಲಭ ಅನ್ನಿಸ್ತು."